ಒಂದು ರಿಂಗು, ಎರಡು ರಿಂಗು

ನನ್ನ ಹೆಂಡತಿ ತೀರಿಕೊಂಡ ಮೂರನೆಯ ತಿಂಗಳಲ್ಲಿ ಅವಳ ಫೋನೂ ನಿಂತುಹೋಯಿತು. ಗುಂಡಿ ಒತ್ತುವ ಹಳೆಯ ಸೆಟ್ಟು. ಮನೆಗೆ ಅದೊಂದೇ, ಇಬ್ಬರದೂ ಎಂದು ಹೆಸರಿಗೆ, ಇರುತ್ತಿದ್ದದ್ದು ಅವಳ ಬಳಿಯೇ. ಆನೆಗಳು ಎಲ್ಲಿವೆ ಎಂದು ಅರಣ್ಯ ಇಲಾಖೆಯವರು ಕಳಿಸುವ ಸಂದೇಶ ಬೆಳಗಿನ ಜಾವ ಅದಕ್ಕೆ ಬರುತ್ತಿತ್ತು. ಅವಳು ಹೋದ ಮೇಲೆ ಅದನ್ನು ನಾನು ಓದಿಕೊಂಡು ತೋಟಕ್ಕೆ ಇಳಿಯುತ್ತಿದ್ದೆ. ಫೋನು ಕೆಟ್ಟ ಮೇಲೆ ನಾಲ್ಕು ದಿನ ಅಂದಾಜಿನಲ್ಲೇ ಓಡಾಡಿ, ಐದನೆಯ ದಿನ ಆಲೂರಿಗೆ ಹೋದೆ.

ಮೊಬೈಲ್ ಅಂಗಡಿಯವರಿಗೆ ನಾನು ಹೇಳಿದ್ದು ಒಂದೇ ಮಾತು. ಹೊಸ ಫೋನು ಯಾವುದಾದರೂ ಆಗಲಿ, ಅದರಲ್ಲಿ ಈ ಸಿಮ್ಮೇ ನಡೆಯಬೇಕು. ನಮ್ಮ ಗುಡ್ಡಕ್ಕೆ ಬೇರೆ ಕಂಪನಿಯ ಸಿಗ್ನಲ್ ಬರುವುದಿಲ್ಲ, ನಮ್ಮ ಮನೆಯಲ್ಲಂತೂ ಇದೂ ನೀರಿನ ಟ್ಯಾಂಕಿನ ಪಕ್ಕದಲ್ಲಿ ಮಾತ್ರ. ಆ ನಂಬರು ಅವಳದು ಎಂಬುದನ್ನು ಹೇಳಲಿಲ್ಲ.

ಅವರು ಸಿಮ್ಮನ್ನು ಚಿಕ್ಕದಾಗಿ ಕತ್ತರಿಸುವಾಗ ನಾನು ರಸ್ತೆಯ ಕಡೆ ನೋಡಿದೆ.

"ತಗೊಳ್ತು ನೋಡಿ. ನಂಬರೆಲ್ಲಾ ಸಿಮ್ಮಲ್ಲೇ ಅವೆ. ಯಾರಿಗಾದ್ರೂ ಒಂದು ಕಾಲ್ ಮಾಡಿ, ಗೊತ್ತಾಗ್ಬುಡ್ತದೆ."

ಪರದೆಯ ಮೇಲೆ ಒಂಬತ್ತು ಹೆಸರುಗಳು ಬಂದವು. ಎಲ್ಲರೂ ನಮ್ಮ ಸುತ್ತಲಿನ ಮನೆಗಳ ಹೆಂಗಸರು. ಮೊದಲನೆಯದನ್ನು ಒತ್ತಿದೆ. ಅದು ಗುಡ್ಡದಲ್ಲಿ ನಮ್ಮ ಮೇಲಿನ ಮನೆಯವಳದು. ಒಂದು ಸಲ ರಿಂಗಾಯಿತು. ಸುಮ್ಮನೆ ಅವಳಿಗೇಕೆ ತೊಂದರೆ ಎಂದು ಕಟ್ ಮಾಡಿದೆ.

"ಆಯ್ತಲ್ಲ ಮಾರಾಯ್ರೆ, ಇನ್ಯಾಕೆ ಮುಖ ಸಣ್ಣದ್ ಮಾಡ್ಕಂಡಿದ್ದೀರಿ?"

"ಇಲ್ಲಿ ಆಯ್ತು. ಮನೇಲಿ ಆಗ್ಬೇಕಲ್ಲ."

"ಅದನ್ನ ನಾನ್ ಹೇಳಕ್ಕಾಗಲ್ಲ ಕಣ್ರೀ, ನಿಮ್ ಗುಡ್ಡ ಹೇಳ್ಬೇಕು. ನಾಳೆ ಸಂಜೆವರೆಗೂ ಇಟ್ಕಂಡು ನೋಡಿ. ಹಿಡೀಲಿಲ್ಲ ಅಂದ್ರೆ ವಾಪಸ್ ತನ್ನಿ. ಮೇಲಿನ ಪ್ಲಾಸ್ಟಿಕ್ ಮಾತ್ರ ಕೀಳ್ಬೇಡಿ, ಕಿತ್ರೆ ವಾಪಸ್ ತಗಳಲ್ಲ."

ಬೆಳಗೋಡಿನ ಬಸ್ಸು ಇಳಿದು ಮನೆಯ ದಾರಿ ಹತ್ತುವಾಗ ಮೇಲಿನ ಮನೆಯವಳು ನಮ್ಮ ಬೇಲಿಯ ಹತ್ತಿರವೇ ನಿಂತಿದ್ದಳು. ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು.

"ಭಾವ, ಅಕ್ಕನ ನಂಬರಿಂದ ರಿಂಗ್ ಕೊಟ್ಟಿದ್ದು ನೀವಾ?"

"ಹೌದು. ಹೊಸ ಫೋನು ನಡೀತದಾ ಅಂತ ನೋಡ್ದೆ."

"ನೀವು ಫೋನ್ ನೋಡಿದ್ರಿ. ನಾನು ಆನೆ ನೋಡ್ಕಂಡ್ ಬಂದೆ."

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. "ಒಂದು ರಿಂಗ್ ಅಂದ್ರೆ ದಾರಿ ಸಾಫು, ಹೋಗ್ಬೋದು. ಎರಡು ಅಂದ್ರೆ ಆನೆ ಐತೆ, ಹೊರಗೆ ಬರಬ್ಯಾಡಿ. ಯಾರೂ ಎತ್ತಂಗಿಲ್ಲ. ದಿನಾ ಅಕ್ಕ ಒಂಬತ್ತು ಮನೇಗೂ ಕೊಡೋಳು. ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಬೆಳಗಿನ ಜಾವ ನನ್ನ ಹೆಂಡತಿ ಟ್ಯಾಂಕಿನ ಪಕ್ಕ ನಿಂತು ಫೋನು ಒತ್ತುತ್ತಿದ್ದದ್ದನ್ನು ವರ್ಷಗಟ್ಟಲೆ ನೋಡಿದ್ದೆ. ಯಾರೂ ಎತ್ತದ ಫೋನು ಎಷ್ಟು ಸಲ ಮಾಡುತ್ತೀ ಎಂದು ಒಮ್ಮೆ ಹಂಗಿಸಿಯೂ ಇದ್ದೆ. "ಎತ್ತದೇ ಇರ್ಲಿ ಅಂತ್ಲೇ ಮಾಡೋದು" ಎಂದು ನಕ್ಕಿದ್ದಳು. ಹಾಗೆಂದರೇನು ಎಂದು ನಾನು ಕೇಳಲಿಲ್ಲ.

"ಹಸು ಹಳ್ಳದ ಹತ್ರ ಕಟ್ಟಿತ್ತು," ಎಂದಳು ಮೇಲಿನ ಮನೆಯವಳು. "ಆ ಕಡೆ ಕೊಂಬೆ ಮುರಿಯೋ ಸದ್ದಾಗ್ತಿತ್ತು ಅಂತ ಬೆಳಿಗ್ಗೆಯಿಂದ ಬಾಗಿಲು ಹಾಕ್ಕಂಡ್ ಕೂತಿದ್ದೆ. ಅಷ್ಟರಲ್ಲಿ ಒಂದು ರಿಂಗು. ಅಕ್ಕ ಇಲ್ಲ ಅನ್ನೋದು ನನಗೆ ಗೊತ್ತಿಲ್ವಾ ಭಾವ? ಆದ್ರೂ ಕಾಲು ಹೊರಟೇಬುಟ್ವು. ಹಳ್ಳದ ತಿರುವಲ್ಲೇ ಆನೆ ನಿಂತಿತ್ತು, ಮರಿ ಜೊತೆ."

"ತಪ್ಪಾಯ್ತು."

"ಆನೆಗೆ ಹೇಳಿ. ನನ್ನ ಚಪ್ಪಲೀನೂ ಕೇಳ್ಕಂಡ್ ಬನ್ನಿ." ಇಬ್ಬರಿಗೂ ನಗು ಬರಲಿಲ್ಲ. ಹೊರಡುವಾಗ ತಿರುಗಿ ನಿಂತಳು. "ನಮ್ಮಲ್ಲಿ ಆ ಆನೆ ಮೆಸೇಜು ಓದಕ್ಕೆ ಬರೋರು ಯಾರವ್ರೆ? ಮೂರು ತಿಂಗಳಿಂದ ಬರೀ ಕಿವಿ ನಂಬ್ಕಂಡ್ ಓಡಾಡ್ತಿದ್ದೀವಿ. ಆ ನಂಬರಿಂದ ಕೊಡೋದಾದ್ರೆ ದಿನಾ ಸರಿಯಾಗಿ ಕೊಡಿ. ಇಲ್ಲಾಂದ್ರೆ ಕೊಡ್ಲೇಬ್ಯಾಡಿ."

ಮೂರು ತಿಂಗಳು ಆ ಸಂದೇಶವನ್ನು ನಾನೊಬ್ಬನೇ ಓದಿಕೊಂಡು ಸುಮ್ಮನಿದ್ದೆ. ಹೆಂಡತಿಯ ಬಟ್ಟೆಗಳನ್ನು ಮಡಿಸಿಟ್ಟಿದ್ದೆ, ಅವಳು ನೆಟ್ಟ ಮೆಣಸಿನ ಬಳ್ಳಿಗೆ ನೀರು ಹಾಕುತ್ತಿದ್ದೆ. ಅವಳು ಬಿಟ್ಟುಹೋದ ಕೆಲಸ ಯಾವುದು ಎಂಬುದೇ ನನಗೆ ತಿಳಿದಿರಲಿಲ್ಲ.

ಮರುದಿನ ಇನ್ನೂ ಮಬ್ಬಿರುವಾಗಲೇ ಟ್ಯಾಂಕಿನ ಬಳಿ ಹೋಗಿ ನಿಂತೆ. ಮೊದಲು ಸಿಗ್ನಲ್ ಬರಲಿಲ್ಲ. ಅವಳು ನಿಲ್ಲುತ್ತಿದ್ದ ಕಲ್ಲಿನ ಮೇಲೆ ಹತ್ತಿ, ಅವಳ ಹಾಗೆಯೇ ಹಳ್ಳದ ಕಡೆಗೆ ಮುಖ ಮಾಡಿದೆ. ಎರಡು ಗೆರೆ ಬಂದವು. ಸ್ವಲ್ಪ ಹೊತ್ತಿಗೆ ಸಂದೇಶವೂ ಬಂತು. ಆನೆಗಳು ಇನ್ನೂ ಹಳ್ಳದ ಪಕ್ಕದಲ್ಲೇ ಇದ್ದವು.

ಮೊದಲು ಮೇಲಿನ ಮನೆಗೆ ಒತ್ತಿದೆ. ಒಂದು. ಬೆರಳು ತಡೆದುಕೊಂಡು ನಿಂತೆ. ಎರಡು. ಕಟ್ ಮಾಡಿದೆ. ಆಮೇಲೆ ಉಳಿದ ಎಂಟು ಮನೆಗಳಿಗೆ. ಒಂದಕ್ಕೂ ಎರಡಕ್ಕೂ ನಡುವಿನ ಹೊತ್ತು ಇಷ್ಟು ಉದ್ದವಿರುತ್ತದೆ ಎಂದು ಗೊತ್ತಿರಲಿಲ್ಲ.

ಯಾರೂ ಎತ್ತಲಿಲ್ಲ. ಯಾರೂ ತಿರುಗಿ ಮಾಡಲೂ ಇಲ್ಲ. ಬೆಳಕು ಹರಿದರೂ ಮೇಲಿನ ಮನೆಯ ಬಾಗಿಲು ಮುಚ್ಚಿಯೇ ಇತ್ತು. ಅದನ್ನು ನೋಡಿದ ಮೇಲೆ ಫೋನಿನ ಮೂಲೆಗೆ ಉಗುರು ಹಾಕಿ ಪ್ಲಾಸ್ಟಿಕ್ ಕಿತ್ತೆ.