ಪ ಇಲ್ಲದ ಊರಿನ ಕಲ್ಲು

ಟಿಕ್, ಟಿಕ್, ಟಿಕ್, ಆಮೇಲೆ ಒಂದು ಉಫ್. ರಾಯ್ ಎಂಬ ಇಂಡಸ್ಟ್ರಿಯಲ್ ಏರಿಯಾದ ಆ ಕಲ್ಲಿನ ವರ್ಕ್‌ಶಾಪಿನ ಹೊರಗೆ ಲಾರಿಗಳ ಗದ್ದಲ ಎಷ್ಟೋ ಇತ್ತು, ಆದರೆ ನನ್ನ ಕಿವಿಯಲ್ಲಿ ಉಳಿದದ್ದು ಅದೊಂದೇ. ಮುದುಕ ಪಠಾಣ ಉಳಿಯಿಂದ ಒಂದಿಷ್ಟು ಕೊರೆಯುವುದು, ಬಗ್ಗಿ ಬಾಯಿಂದ ಪುಡಿ ಊದುವುದು. ಪಕ್ಕದಲ್ಲಿ ನಾನು ಟೈಪ್ ಮಾಡಿದ ಲಿಸ್ಟ್ ಹಿಡಿದು ಸ್ಪೆಲ್ಲಿಂಗ್ ಚೆಕ್ ಮಾಡುತ್ತಾ ನಿಂತಿದ್ದೆ. ಒಂದೂ ತಪ್ಪಿರಲಿಲ್ಲ. ಲಿಸ್ಟಿನಲ್ಲಿ ಹೇಗಿತ್ತೋ ಕಲ್ಲಿನಲ್ಲೂ ಹಾಗೇ ಇತ್ತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾವು ಗಲ್ಫಿನ ಎಣ್ಣೆ ಊರು ಫಹಾಹೀಲ್‌ನಲ್ಲಿದ್ದೆವು. ನನ್ನ ಗಂಡ ಎಂಜಿನಿಯರ್, ನಾನು ಒಂದು ಟ್ರೇಡಿಂಗ್ ಕಂಪನಿಯಲ್ಲಿ ಟೈಪಿಸ್ಟ್. ಒಂದು ಶುಕ್ರವಾರ ಮಧ್ಯಾಹ್ನ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಾ ದೂರದಲ್ಲಿ ಕಪ್ಪು ಹೊಗೆ ನೋಡಿದೆ. ಆಯಿಲ್ ಕಂಪನಿಗಳ ಕಡೆ ಯಾವಾಗಲೂ ಬೆಂಕಿ ಉರಿಯುತ್ತಿತ್ತಲ್ಲ, ಗಾಳಿ ತಿರುಗಿರಬೇಕು ಅಂದುಕೊಂಡು ಬಿಳಿ ಬಟ್ಟೆಗಳನ್ನು ಒಳಗೆ ತಂದೆ. ಅಷ್ಟೇ ನಾನು ಮಾಡಿದ್ದು. ಅದು ಪ್ಲೈವುಡ್ ಹೊಡೆದು ಮಾಡಿದ ಕೆಲಸಗಾರರ ಕೋಣೆಗಳ ಬೆಂಕಿ. ರಜೆಯ ದಿನ ಉಂಡು ಮಲಗಿದ್ದವರು ಏಳಲೇ ಇಲ್ಲ. ಸತ್ತವರಲ್ಲಿ ನಮ್ಮ ಕರಾವಳಿಯವರಿದ್ದರು, ಮಲಯಾಳಿಗಳಿದ್ದರು, ಆಂಧ್ರದವರಿದ್ದರು. ಮುಖ ನೋಡಿ ಯಾರು ಯಾರೆಂದು ಹೇಳುವ ಹಾಗಿರಲಿಲ್ಲ. ಕಂಪನಿಯವರು ಪಟ್ಟಿ ನೋಡಿ, ಪೆಟ್ಟಿಗೆಗಳಿಗೆ ಸೀಲ್ ಹಾಕಿ, ಊರಿಗೆ ಕಳಿಸಿದರು.

ನಮಗೆ ಅಲ್ಲಿ ಹೋಗಿ ಕೈಮುಗಿಯಲು ಗುಡಿ ಇರಲಿಲ್ಲ. ಚರ್ಚ್ ಇತ್ತು. ಹಿಂದುವಾದರೂ ಕಾನ್ವೆಂಟಿನಲ್ಲಿ ಕಲಿತ ನನಗೆ ಅಲ್ಲಿನ ಬೆಂಚು, ಮೇಣದ ವಾಸನೆ ಯಾವುದೂ ಹೊಸತಲ್ಲ. ಅಲ್ಲಿನ ಫಾದರ್ ನಮ್ಮ ಊರ ಕಡೆಯವರೇ. ಸತ್ತವರ ಹೆಸರೆಲ್ಲ ಬರೆದ ಒಂದು ಕಲ್ಲನ್ನು ಚರ್ಚಿನ ಅಂಗಳದ ಗೋಡೆಗೆ ಹಾಕಿಸುವುದೆಂದು ಹೊರಟರು. ಯಾರೋ ಕೇಳಿದರು, "ಹಿಂದುಗಳದ್ದೂ, ಸಾಯ್ಬರದ್ದೂ ಹಾಕುವುದಾ ಫಾದರ್?"

"ನಾನೇನು ಕಫೀಲನಾ, ಪೇಪರ್ ನೋಡಿ ಒಳಗೆ ಬಿಡ್ಲಿಕ್ಕೆ?" ಅಂದರು. ಕಫೀಲ ಎಂದರೆ ನಮ್ಮ ವೀಸಾ, ಪಾಸ್‌ಪೋರ್ಟ್ ಎಲ್ಲ ಕೈಯಲ್ಲಿಟ್ಟುಕೊಂಡ ಅರಬಿ ಧಣಿ. ಆಮೇಲೆ ಫಾದರ್ ನನ್ನ ಕಡೆ ತಿರುಗಿ, "ಲಿಸ್ಟ್ ನೀವೇ ಮಾಡಿಯಮ್ಮ. ನಿಮ್ಮದು ನನ್‌ಗಳ ಸ್ಕೇಲಿನ ಪೆಟ್ಟು ತಿಂದ ಇಂಗ್ಲಿಷ್."

ನನಗೆ ಹೆಮ್ಮೆಯಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಸಿಕ್ಕಿದ ಪಟ್ಟಿ ಅರಬಿಯಲ್ಲಿತ್ತು. ನಮ್ಮ ಆಫೀಸಿನ ಈಜಿಪ್ಟಿನ ಗುಮಾಸ್ತ ಒಂದೊಂದೇ ಹೆಸರು ಓದಿದ, ನಾನು ಟೈಪ್ ಮಾಡಿದೆ. ಅರಬಿಯಲ್ಲಿ ಪ ಎಂಬ ಅಕ್ಷರವೇ ಇಲ್ಲ. ಪಾರ್ಕಿಂಗ್ ಅವರಿಗೆ ಬಾರ್ಕಿಂಗ್, ಪೊಲೀಸ್ ಬೊಲೀಸ್. ಮನೆಯಲ್ಲಿ ಇದನ್ನೇ ಆಡಿಕೊಂಡು ಮಕ್ಕಳೊಂದಿಗೆ ನಗುತ್ತಿದ್ದೆ. ಆ ದಿನವೂ ಎಚ್ಚರವಾಗೇ ಇದ್ದೆ. ಕ್ರಿಶ್ಚಿಯನ್ ಹೆಸರು ಬಂದಾಗ ಅವನು ಬಿ ಅಂದರೂ ನಾನು ಪಿ ಒತ್ತಿದೆ, ಅವೆಲ್ಲ ನನಗೆ ಸ್ಕೂಲಿನಿಂದಲೇ ಪರಿಚಯದ ಹೆಸರುಗಳು. ನಮ್ಮೂರಿನ ಒಂದೇ ಒಂದು ಹೆಸರು, ಪ ದಿಂದ ಶುರುವಾಗುವುದು, ಅಪ್ಪನ ಹೆಸರು ಅಜ್ಜನ ಹೆಸರು ಅಂಟಿಸಿಕೊಂಡು ಅವನ ಬಾಯಿಯಿಂದ ಬಂದಾಗ ಅದು ನಮ್ಮದೆಂದು ಗುರುತೇ ಹತ್ತಲಿಲ್ಲ. ಕೇಳಿದ ಹಾಗೆ ಬಿ ಒತ್ತಿದೆ.

ಕಲ್ಲು ಗೋಡೆಗೆ ಬಂದ ಕೆಲವು ವಾರಗಳ ಮೇಲೆ ಆ ಹೆಸರಿನವನ ಅಕ್ಕ ಬಂದಳು. ಅವಳು ಪಕ್ಕದೂರು ಫಿಂಟಾಸ್‌ನ ಒಂದು ಅರಬಿ ಮನೆಯಲ್ಲಿ ಆಯಾ. ಚರ್ಚಿನಲ್ಲಿ ಶುಕ್ರವಾರದ ಮಾಸ್ ಪೂಜೆ ಮುಗಿದು ಜನ ಕರಗಿದ್ದರು. ತಮ್ಮ ಬರೆದ ಹಳೇ ಕಾಗದದ ಕವರ್ ಒಂದು ಅವಳ ಕೈಯಲ್ಲಿತ್ತು. ಇಂಗ್ಲಿಷ್ ಬಾರದು, ಕವರಿನ ಮೇಲಿನ ಅವನ ಹೆಸರನ್ನು ಕಲ್ಲಿನ ಒಂದೊಂದು ಸಾಲಿಗೂ ಹಿಡಿದು ಹೋಲಿಸುತ್ತಿದ್ದಳು. ಮೇಲಿಂದ ಕೆಳಗೆ, ಮತ್ತೆ ಕೆಳಗಿಂದ ಮೇಲೆ. ನನ್ನನ್ನು ನೋಡಿದಾಗ ಅವಳ ಮುಖ ಬೆಳಗುತ್ತಿತ್ತು.

"ಅಕ್ಕಾ, ಇವನ ಹೆಸರು ಇಲ್ಲಿ ಇಲ್ಲ."

ಅವಳು ಕವರನ್ನು ನನ್ನ ಕಡೆ ಚಾಚಿದಳು.

"ಪೆಟ್ಟಿಗೆ ತೆರೆಯಲಿಕ್ಕೆ ಬಿಡಲಿಲ್ಲ ಅಂತ ಮಾವ ಬರೆದಿದ್ದಾರೆ. ಯಾರೂ ಮುಖ ನೋಡಲಿಲ್ಲ. ಕಡೇ ಸಲ ಸಿಕ್ಕಿದಾಗ ತಮ್ಮ ಹೇಳಿದ್ದ ಅಕ್ಕ, ಈ ಕಫೀಲ್ ಸಾಕು, ಸೌದಿಗೆ ಹೋಗ್ತೇನೆ ಅಂತ. ಹೋಗಿರ್ತಾನೆ. ಕಾಗದ ಬರೆಯುವುದರಲ್ಲಿ ಅವ ಮೊದಲೇ ಸೋಮಾರಿ."

ನಾನು ಅವಳ ಕೈಯಿಂದ ಕವರ್ ತೆಗೆದುಕೊಂಡು ನೋಡಿದೆ. ಪಿ. ಕಲ್ಲಿನ ಆರನೆಯ ಸಾಲಿನಲ್ಲಿ ಬಿ. ಉಳಿದ ಅಕ್ಷರವೆಲ್ಲ ಅದೇ.

ಸುಮ್ಮನಿರಬಹುದಿತ್ತು. ಆದರೆ ತಪ್ಪು ಮಾಡಿದವಳು ಎದ್ದು ನಿಂತು ಹೇಳಬೇಕು, ಕಾನ್ವೆಂಟಿನಲ್ಲಿ ಹಾಗೆ ಕಲಿಸಿದ್ದರು. ಹೇಳಿದೆ. ಇದೇ ಅವನ ಹೆಸರು, ನಾನೇ ಟೈಪ್ ಮಾಡಿದ್ದು, ಅರಬಿಯಲ್ಲಿ ಪ ಇಲ್ಲ.

ಅವಳು ಕವರನ್ನು ವಾಪಸು ತೆಗೆದುಕೊಂಡು ಮಡಚಿದಳು. "ಗೊತ್ತುಂಟು," ಅಂದಳು. "ನಾನಿರುವ ಮನೆಯ ಮಕ್ಕಳೂ ಪೆಪ್ಸಿಗೆ ಬೆಬ್ಸಿ ಬೆಬ್ಸಿ ಅಂತಲೇ ಅಳುವುದು."

"ತಿದ್ದಿಸ್ತೇನೆ. ಬರುವ ಶುಕ್ರವಾರದ ಒಳಗೆ."

"ಬೇಡ ಅಕ್ಕ. ಇರಲಿ ಬಿಡಿ. ಹಾಗೇ ಇರಲಿ."

ನನಗೆ ತೊಂದರೆ ಕೊಡಬಾರದೆಂದು ಸಂಕೋಚ ಅಂದುಕೊಂಡೆ. ಎಷ್ಟು ಇಂಗ್ಲಿಷ್ ಕಲಿತು ಏನು, ಒಬ್ಬ ಹೆಂಗಸಿನ ಎರಡು ಮಾತು ಅರ್ಥವಾಗಲಿಲ್ಲ.

ಪಠಾಣನನ್ನು ಕರೆಸಿದೆ. ಅವನು ಅಕ್ಷರದ ಮೇಲೆ ಬೆರಳಾಡಿಸಿ ಗೊಣಗಿದ, "ಪಿ ಹೋತಾ ತೋ ಬಿ ಬನಾ ದೇತಾ, ಮೇಡಂ. ಬಿ ಕೋ ಪಿ ಕೈಸೇ ಬನಾವೂಂ?" ಪಿ ಇದ್ದರೆ ಕೆಳಗೊಂದು ಹೊಟ್ಟೆ ಕೊರೆದು ಬಿ ಮಾಡಬಹುದು. ಕೊರೆದದ್ದನ್ನು ಇಲ್ಲದ ಹಾಗೆ ಮಾಡುವುದು ಹೇಗೆ? ಕೊನೆಗೆ ಬಿಳಿ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ, ಬಿ ಯ ಕೆಳಗಿನ ಹೊಟ್ಟೆಗೆ ತುಂಬಿ, ಉಜ್ಜಿ ನಯ ಮಾಡಿದ. ದೂರದಿಂದ ಚೆನ್ನಾಗೇ ಕಾಣುತ್ತಿತ್ತು. ಫಾದರ್ ಕೂಡ ಗುಡ್, ಗುಡ್ ಅಂದರು.

ಅವಳಿಗೆ ಪ್ರತಿ ಶುಕ್ರವಾರ ರಜೆ ಸಿಗುತ್ತಿರಲಿಲ್ಲ. ಮುಂದೆ ಬಂದದ್ದು ಚಳಿ ಶುರುವಾದ ಮೇಲೆ. ಪಾಸ್‌ಪೋರ್ಟ್ ಕೈಗೆ ಬಂದಿದೆ, ಕೆಲಸ ಖಲಾಸ್ ಮಾಡಿ ಊರಿಗೆ ಹೊರಟಿದ್ದಾಳೆ ಅಂತ ಯಾರೋ ಹೇಳಿದ್ದರು. ಊರಲ್ಲಿ ಅಮ್ಮ ಕಾಯುತ್ತಿದ್ದಾಳೆ, ಮಗ ಸೌದಿಯಲ್ಲಿದ್ದಾನೆ ಅಂತ ಕಾಗದ ಬಂದಿದೆಯೆಂದು ಊರೆಲ್ಲ ಹೇಳಿಕೊಂಡು ಬರ್ತಾಳೆ ಅಂತಲೂ ಹೇಳಿದರು. ಆ ಕಾಗದ ಯಾರು ಬರೆದದ್ದೆಂದು ನಾನು ಕೇಳಲಿಲ್ಲ.

ಮಾಸ್ ಮುಗಿಸಿ ಹೊರಬಂದಾಗ ಅವಳು ಕಲ್ಲಿನ ಮುಂದೆ ಒಬ್ಬಳೇ ನಿಂತಿದ್ದಳು, ನನಗೆ ಬೆನ್ನು ಹಾಕಿ. ಮಾತಾಡಿಸೋಣವೆಂದು ಎರಡು ಹೆಜ್ಜೆ ಇಟ್ಟೆ. ತುರುಬು ಬಿಚ್ಚಿ ಬೆನ್ನ ಮೇಲೆ ಬಿದ್ದಿತ್ತು. ಕೈಯಲ್ಲಿ ಹೇರ್‌ಪಿನ್. ಆರನೆಯ ಸಾಲಿನಲ್ಲಿ, ಪಠಾಣ ತುಂಬಿದ್ದ ಜಾಗವನ್ನು ಅವಸರವಿಲ್ಲದೆ ಕೆರೆಯುತ್ತಿದ್ದಳು, ಮಗುವಿನ ಕಿವಿಯ ಗುಗ್ಗೆ ತೆಗೆಯುವವಳ ಹಾಗೆ. ಬಿಳಿ ಪುಡಿ ಉದುರುತ್ತಿತ್ತು. ನಾನು ಅಲ್ಲೇ ನಿಂತೆ. ಅವಳು ಬಗ್ಗಿ, ಬಾಯಿ ಹತ್ತಿರ ತಂದು, ಉಫ್ ಎಂದು ಊದಿದಳು. ಮತ್ತೆ ಅದು ಬೇರೆ ಯಾರದೋ ಹೆಸರಾಯಿತು. ಪಿನ್ ಬಾಯಲ್ಲಿ ಕಚ್ಚಿಕೊಂಡು ಕೂದಲು ಸುತ್ತಿ ಕಟ್ಟಿದಳು, ಗೇಟು ದಾಟಿ ಬಸ್ಸಿನ ಕಡೆ ಹೋದಳು.