ಗೋಪುರದ ಅಂಚಿನ ಪದಕ

ಗೋಪುರದ ತಲೆ ಯಾವ ಕಡೆ ಅಂತ ಯಾರಾದರೂ ಮೊದಲೇ ಕೇಳಿದ್ದರೆ ನಕ್ಕುಬಿಡುತ್ತಿದ್ದೆ. ಈಗ ನಗು ಬರುವುದಿಲ್ಲ.

ಚನ್ನರಾಯಪಟ್ಟಣದ ನಮ್ಮ ಮನೆಯಲ್ಲಿ ನಾನು ಜೇಡಿಮಣ್ಣಿನ ಒಡವೆ ಮಾಡುತ್ತೇನೆ. ನಾದಿನಿ ತನ್ನ ಮದುವೆಗೆ ಅವಳಮ್ಮನ, ಅಂದರೆ ನನ್ನ ಅತ್ತೆಯ, ಹಳೆಯ ಧಾರೆ ಸೀರೆಯನ್ನೇ ಉಡುವವಳಿದ್ದಳು. ಅದರ ಅಂಚಿನ ಉದ್ದಕ್ಕೂ ಪುಟ್ಟ ಪುಟ್ಟ ಗೋಪುರಗಳು. "ಅತ್ತಿಗೆ, ಇದೇ ಗೋಪುರದ ಪದಕ ಮಾಡ್ಕೊಡಿ. ಅದನ್ನೇ ಇಕ್ಕೊಂಡು ಧಾರೆಗೆ ಕೂರ್ತೀನಿ" ಅಂದಳು. ಮಣ್ಣಾಟ ಆಡ್ತಾಳೆ ಅಂತ ನಗುವ ಮನೆಯಲ್ಲಿ ನನ್ನ ಒಡವೆ ಕೇಳಿದವಳು ಅವಳೊಬ್ಬಳೇ. ಹಿಗ್ಗಿ ಹೀರೇಕಾಯಿಯಾದೆ.

ಸೀರೆಯನ್ನು ಮಂಚದ ಮೇಲೆ ಹಾಸಿ ನೋಡಿದರೆ, ಒಂದು ಅಂಚಿನ ಗೋಪುರಗಳ ತುದಿ ಮೇಲಕ್ಕೆ, ಎದುರು ಅಂಚಿನವು ಕೆಳಕ್ಕೆ. ಯಾವುದು ಸರಿ? ನೆಯ್ದವನು ಎರಡನ್ನೂ ನೆಯ್ದಿದ್ದಾನೆ. ಪದಕಕ್ಕೆ ಚೂಪು ಕೆಳಗಿದ್ದರೇ ಅಂದ ಅನ್ನಿಸಿ, ಬುಡದ ಕಡೆ ತಂತಿಯ ಕೊಂಡಿ ಕೂರಿಸಿ ಸುಟ್ಟೆ.

ಚಪ್ಪರದ ದಿನ ಹಿರೀಸಾವೆಯಿಂದ ಬಂದ ನಾದಿನಿಯ ದೊಡ್ಡಮ್ಮ ಪದಕವನ್ನು ಎತ್ತಿಕೊಂಡವರೇ, "ಅಯ್ ಶಿವ್ನೇ, ಗೋಪುರ ತಲೆಕೆಳ್ಗಾಗೈತಲ್ಲ! ಮದ್ವೆ ಎಣ್ಗೆ ಯಾರಾರ ಇಂಗಿಕ್ತಾರಾ?" ಅಂದರು. ನಾದಿನಿಯ ಮುಖ ಇಳಿದುಹೋಯಿತು. ಕೊಂಡಿ ಕಿತ್ತರೆ ಪದಕವೇ ಒಡೆಯುತ್ತದೆ. ಹೊಸದು ಮಾಡಲು ಒಣಗಿಸುವುದಕ್ಕೇ ದಿನಗಳು ಬೇಕು. ಸೀರೆಯಲ್ಲೂ ಅರ್ಧ ಗೋಪುರ ತಲೆಕೆಳಗೇ ಅಲ್ಲವೇ ಅನ್ನೋಣವೆಂದರೆ, ಸೊಸೆ ಎದುರಾಡಿದಳು ಅಂತಾರೆ. ಸುಮ್ಮನಿದ್ದರೆ ತಪ್ಪು ಒಪ್ಪಿಕೊಂಡಂತೆ. ನನಗೆ ಸಿಟ್ಟು ಬಂದಿತ್ತು, ಅವರ ಮೇಲೋ ನನ್ನ ಮೇಲೋ ಅನ್ನುವುದೇ ತಿಳಿಯಲಿಲ್ಲ.

ಅಷ್ಟರಲ್ಲಿ ಅತ್ತೆ ಹೂರಣ ರುಬ್ಬಿದ ಕೈ ತೊಳೆದು ಬಂದರು. ಪದಕ ಇಸಕೊಂಡು ತಮ್ಮ ಕೊರಳಿಗೇ ಹಾಕಿಕೊಂಡು, ತಲೆ ಬಗ್ಗಿಸಿ ಎದೆಯ ಮೇಲಿದ್ದ ಗೋಪುರವನ್ನು ತುಂಬಾ ಹೊತ್ತು ನೋಡಿದರು.

"ನೋಡೋರ್ಗೆ ತಲೆಕೆಳ್ಗು ಕಣಕ್ಕ. ಇಕ್ಕಂಡೋಳ್ಗೆ ನೆಟ್ಗೇ ಐತೆ" ಅಂದರು. ಆಮೇಲೆ ಮಗಳ ಕಡೆ ತಿರುಗಿ, "ಇಕ್ಕಂತೀಯೇನವ್ವ?"

ನಾದಿನಿ ದೊಡ್ಡಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಬೇಡವೆಂದು ತಲೆ ಅಲ್ಲಾಡಿಸಿ ಒಳಗೆ ಹೋದಳು. ಅವಳ ಮೇಲೆ ಕೋಪ ಮಾಡಿಕೊಳ್ಳಲೂ ಆಗಲಿಲ್ಲ. ಮದುವೆಯ ಹಿಂದಿನ ದಿನ ಹೆದರದ ಹುಡುಗಿ ಯಾರಿದ್ದಾಳೆ?

ಮರುದಿನ ಅವಳು ಚಿನ್ನದ ಸರ ಹಾಕಿಕೊಂಡೇ ಧಾರೆಗೆ ಕೂತಳು. ಪಕ್ಕದಲ್ಲಿ ಅತ್ತೆ, ನೆಂಟರೆಲ್ಲರ ಮುಂದೆ, ನನ್ನ ಮಣ್ಣಿನ ಪದಕ ಹಾಕಿಕೊಂಡು ಹಾಲುನೀರು ಬಿಡುತ್ತಿದ್ದರು. ಖುಷಿಪಡಲೋ ಅಳಲೋ ತಿಳಿಯದೆ ನಾನು ಎರಡನ್ನೂ ಮಾಡಿದೆ.