ಮೊದಲು ಯಾರು ಮುಟ್ಟಿದರು?

1962ನೆಯ ಇಸವಿ. ಆಗ ನಾನು ಹಿಂದೂಪುರದಲ್ಲಿ, ಹುಣಸೆಹಣ್ಣಿನ ಮಂಡಿಗಳ ಹಿಂದಿನ ಬೀದಿಯಲ್ಲಿ, ನಮ್ಮ ಮಾವನವರ ಮನೆಯ ಜಗುಲಿಯ ಮೇಲೆ ಕುಳಿತು ಉಳುಕು ತೆಗೆಯುವ ಕೆಲಸ ಮಾಡುತ್ತಿದ್ದೆ. ಮಕ್ಕಳೇ, ನಿಮ್ಮಲ್ಲೊಬ್ಬಳು ಮೊನ್ನೆ ಫೋನಿನಲ್ಲಿ, "ಅಜ್ಜಿ, ನನ್ನ ಸೊಂಟಕ್ಕೆ ಆಸ್ಟಿಯೋಪತಿ ಮಾಡಿಸ್ಕೋ ಅಂತಿದ್ದಾರೆ, ಅಲ್ಲಿ ಏನು ಮಾಡ್ತಾರೆ?" ಎಂದು ಕೇಳಿದಳು. ಕೀಲು, ಸ್ನಾಯುಗಳನ್ನು ಕೈಯಿಂದಲೇ ಸಡಿಲಿಸುವ ಚಿಕಿತ್ಸೆಯಂತೆ. ನಾನು ಆ ವಿದ್ಯೆ ಓದಿದವಳಲ್ಲ. ಊರ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ನನ್ನ ಓದು ಮುಗಿಯಿತು. ಆದರೆ ಕೈಯಿಂದ ಬೆನ್ನು ಸರಿಮಾಡುವವರ ಹತ್ತಿರ ಹೋದರೆ ಏನನ್ನು ನಿರೀಕ್ಷಿಸಬೇಕು ಎಂಬುದು ನನಗೆ ಗೊತ್ತು. ಬಾಯಲ್ಲಿ ಹೇಳಲು ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಕಲಿಸಿದವರು ಮಾವನವರು. ಮೂಟೆ ಹೊತ್ತು ಸೊಂಟ ಹಿಡಿದ ಹಮಾಲಿಗಳು, ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತು ಬೆನ್ನು ಬಗ್ಗಿದ ನೇಕಾರರು ನಮ್ಮಲ್ಲಿಗೆ ಬರುತ್ತಿದ್ದರು. ಮಾವನವರು ಕೈ ಇಡುವ ಮೊದಲು ಕೇಳುತ್ತಿದ್ದರು: ನೋವು ಎಲ್ಲಿ, ಹೇಗೆ ಬಂತು, ಕಾಲಿಗೆ ಜೋಮು ಇದೆಯೇ, ಮೂತ್ರ ಸಲೀಸಾಗಿ ಹೋಗುತ್ತದೆಯೇ, ಜ್ವರ ಇದೆಯೇ. ಕೊನೆಗೆ, "ನನಗಿಂತ ಮೊದಲು ಯಾರು ಮುಟ್ಟಿದರು?" ಒಬ್ಬರು ಎಳೆದು ಊದಿಸಿದ ಜಾಗವನ್ನು ಇನ್ನೊಬ್ಬರು ಎಳೆದರೆ ಕೆಡುತ್ತದೆ, ಅದಕ್ಕೆ ಈ ಪ್ರಶ್ನೆ. ರೋಗಿ ಕಾದು ಕೂತವರೆಲ್ಲರ ಎದುರೇ ಗಟ್ಟಿಯಾಗಿ ಉತ್ತರ ಹೇಳಬೇಕು. ಮಾವನವರ ಕೈ ನಡುಗತೊಡಗಿ ನಾನು ಅವರ ಜಾಗದಲ್ಲಿ ಕೂತ ಮೇಲೆ ಈ ಪದ್ಧತಿ ಇನ್ನೂ ಬಿಗಿಯಾಯಿತು. ವಿಧವೆ ಗಂಡಸರ ಬೆನ್ನು ಮುಟ್ಟಬೇಕಾದರೆ ಬೀದಿಯ ಕಣ್ಣಿಗೆ ಕಾಣುವ ಹಾಗೆ ಮುಟ್ಟಬೇಕಿತ್ತು.

ನಿಮ್ಮ ತಾತನವರು ತೀರಿಕೊಂಡದ್ದು ಬೆನ್ನಿನಿಂದಲೇ. ಬೆಳುಗುಪ್ಪದ ನೆಂಟರ ಮನೆಗೆ ಹೋಗುವಾಗ ಗಾಡಿ ಮಗುಚಿ ಬಿದ್ದರು, ಎರಡು ಕಾಲಿಗೂ ಜೋಮು ಹಿಡಿಯಿತು. ಹತ್ತಿರವೆಂದು ಕಲ್ಯಾಣದುರ್ಗಕ್ಕೆ, ನಾಗಪ್ಪನೆಂಬ ಉಳುಕು ತೆಗೆಯುವವನ ಬಳಿಗೆ ಹೊತ್ತುಕೊಂಡು ಹೋದರು. ಅವನನ್ನು "ಅವರು" ಎಂದು ಬರೆಯಲು ಇವತ್ತಿಗೂ ನನ್ನ ಕೈ ಏಳದು. ಮಾವನವರ ಹೆಸರು ಕೇಳಿದರೆ ಅವನಿಗೆ ಆಗುತ್ತಿರಲಿಲ್ಲ. "ಹಿಂದೂಪುರದೋರ ಮಗನ್ನ ಹೆಂಗೆ ನಡೆಸಿ ಕಳಿಸ್ತೀನಿ ನೋಡ್ರಲಾ" ಎಂದು ಜನರೆದುರು ಜಂಬ ಕೊಚ್ಚಿ, ಬೆನ್ನಿಗೆ ಮೊಣಕಾಲು ಕೊಟ್ಟು ತಿರುವಿದ. ಜೋಮು ಹಿಡಿದವರನ್ನು ಹಲಗೆಯ ಮೇಲೆ ಮಲಗಿಸಿ ಆಸ್ಪತ್ರೆಗೆ ಸಾಗಿಸಬೇಕೇ ಹೊರತು ತಿರುವಬಾರದು. ಅದು ಅವನಿಗೂ ಗೊತ್ತಿತ್ತು. ನಾನು ಕಲ್ಯಾಣದುರ್ಗ ಮುಟ್ಟುವಷ್ಟರಲ್ಲಿ ಅವರಿಗೆ ಸೊಂಟದ ಕೆಳಗೆ ಏನೂ ತಿಳಿಯುತ್ತಿರಲಿಲ್ಲ. ಅನಂತಪುರದ ಆಸ್ಪತ್ರೆಯಲ್ಲಿ, ತಡವಾಯಿತು ಎಂದರು. ಒಂದು ವರ್ಷ ಮಲಗಿದಲ್ಲೇ ಮಲಗಿ ಹೋದರು. ನಿಮ್ಮಪ್ಪ ಆಗ ತೊಟ್ಟಿಲಲ್ಲಿದ್ದ.

ನಾಗಪ್ಪ ಅಷ್ಟಕ್ಕೇ ಬಿಡಲಿಲ್ಲ. "ಹೆಂಡ್ತಿ ಮನೇಲೇ ಬೆನ್ನು ತಿರುವಿ ಕೆಡಿಸ್ಬುಟ್ಟಿದ್ಲು, ನಾನೇನ್ ಮಾಡ್ಲಿ" ಎಂದು ಸಂತೆ ಸಂತೆಯಲ್ಲಿ ಹೇಳಿಕೊಂಡು ಬಂದ. ಆ ಪ್ರಯಾಣಕ್ಕೆ ಮುಂಚೆ ನಾನು ಆಗಾಗ ತಾತನವರ ಬೆನ್ನಿಗೆ ಹರಳೆಣ್ಣೆ ತಿಕ್ಕುತ್ತಿದ್ದುದನ್ನು ಬೀದಿಯವರು ನೋಡಿದ್ದರು, ಹಾಗಾಗಿ ನಂಬಿದರು. ತಾತನವರು ಬದುಕಿದ್ದಷ್ಟು ದಿನ ಬಂದವರಿಗೆಲ್ಲ ನಿಜ ಹೇಳಿದರು. ಹೆಂಡತಿಯನ್ನು ಕಾಪಾಡುತ್ತಿದ್ದಾನೆ ಎಂದರು ಜನ. ನೋವು ತಾಳದವರು ನನ್ನ ಹತ್ತಿರ ಬರುತ್ತಿದ್ದರೂ, ಗಂಡನನ್ನು ಕೊಂದ ಕೈ ಎಂಬ ಮಾತು ನನ್ನ ಬೆನ್ನ ಹಿಂದೆಯೇ ಓಡಾಡಿತು. ಮೂಟೆ ಹೊರುವ ಗಂಗಪ್ಪ ನಮ್ಮೆದುರು ಮನೆಯವನು; ಅವನ ಹೆಂಡತಿ ಬಸುರಿಯಾಗಿ ಸೊಂಟ ನೋವೆಂದು ನರಳುವಾಗಲೂ ನನ್ನ ಹತ್ತಿರ ಕಳಿಸಲಿಲ್ಲ. ನನಗೆ ಎದುರು ಮಾತಾಡಲು ಬಾರದು. ಒಳಗೊಳಗೇ ಕುದ್ದೆ.

1962ರ ಬೇಸಿಗೆಯ ಒಂದು ಮಧ್ಯಾಹ್ನ, ಜಗುಲಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು, ತಲೆಗೆ ಟವೆಲ್ ಹೊದ್ದು, ತನ್ನ ಅಳಿಯನ ಹೆಗಲು ಹಿಡಿದು ನಾಗಪ್ಪ ಬಂದ. ಸೊಂಟ ಒಂದು ಪಕ್ಕಕ್ಕೆ ವಾಲಿತ್ತು. ಕೂರಲಾರ, ನಿಲ್ಲಲಾರ. ಪರರ ಬೆನ್ನು ನೆಟ್ಟಗೆ ಮಾಡುವವನಿಗೆ ತನ್ನ ಬೆನ್ನು ಎಟುಕುವುದಿಲ್ಲ.

"ಹಳೇದೆಲ್ಲ ಮನಸ್ನಾಗೆ ಇಕ್ಕೋಬ್ಯಾಡ ಕಣಮ್ಮ. ಒಳಗೆ ನಡಿ, ಒಂದು ಕೈ ನೋಡು" ಅಂದ.

"ಒಳಗೆ ಗಂಡಸರನ್ನ ಮುಟ್ಟಾಕಿಲ್ಲ. ಇಲ್ಲೇ ಇರಿ, ಜನ ಬರ್ಲಿ" ಅಂದೆ.

ಮಂಡಿಯ ಕೆಲಸ ಮುಗಿಸಿ ಹಮಾಲಿಗಳು ಬರುವ ತನಕ ಅವನನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ. ಅವನ ಮುಖದಲ್ಲಿ ಬೆವರಿಳಿಯುವುದನ್ನು ಒಳಗಿನಿಂದ ನೋಡುತ್ತಾ ರಾಗಿ ಕೇರಿದೆ. ನನಗೆ ಹಿತವಾಗಿತ್ತು.

ಜಗುಲಿ ತುಂಬಿತು, ನಾಗಪ್ಪ ಬಂದ ಸುದ್ದಿ ಕೇಳಿ ಗಂಗಪ್ಪನೂ ಬಂದು ಕಂಬಕ್ಕೆ ಒರಗಿದ. ನಾಗಪ್ಪನನ್ನು ಚಾಪೆಯ ಮೇಲೆ ಪಕ್ಕಕ್ಕೆ ಮಲಗಿಸಿ ಕೇಳಿದೆ: "ಕಾಲಿಗೆ ಜೋಮು ಐತಾ?"

"ಇಲ್ಲ. ಉಚ್ಚೆನೂ ಸರಿ ಹೋಗ್ತೈತೆ, ಜ್ವರನೂ ಇಲ್ಲ. ನನಗೇ ಕೇಳ್ತೀಯೇನಮ್ಮ, ನಾನೂ ಇದೇ ಕೆಲಸದೋನಲ್ವಾ?"

"ಯಾರು ಮುಟ್ಟಿದ್ರು ಮೊದಲು?"

"ನನ್ನ ಅಳಿಯ. ಎಳೆದು ಇನ್ನೂ ಕೆಡಿಸ್ದ."

ಕೈ ಇಟ್ಟೆ. ಸೊಂಟದ ಎರಡೂ ಪಕ್ಕ ಹಗ್ಗದಂತೆ ಬಿಗಿದಿತ್ತು. ಮೊದಲು ಸುಮ್ಮನೆ ಅಂಗೈ ಊರಿ, ಬಿಸಿ ಇಳಿಯಲು ಬಿಟ್ಟು, ಆಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಬಿಡಿಸುತ್ತಾ ಹೋದೆ. ಬಿಗಿ ಅರ್ಧ ಸಡಿಲವಾಯಿತು. ಅವನು "ಅಬ್ಬಾ" ಎಂದು ಉಸಿರು ಬಿಟ್ಟ. ಅಲ್ಲಿಗೆ ಕೈ ತೆಗೆದು ದೂರ ಕೂತೆ.

"ಯಾಕಮ್ಮ ನಿಲ್ಲಿಸ್ದೆ?"

"ಇನ್ನೊಂದು ಪ್ರಶ್ನೆ ಐತೆ. ನಮ್ಮ ಯಜಮಾನರನ್ನ ನಿಮ್ಮ ಹತ್ರ ತಂದಾಗ, ನಿಮಗಿಂತ ಮೊದಲು ಅವರನ್ನ ಯಾರು ಮುಟ್ಟಿದ್ರು?"

ಅವನು ಏಳಲು ನೋಡಿದ, ಸೊಂಟ ಬಿಡಲಿಲ್ಲ. ಅರ್ಧ ಬಿಡಿಸಿದ ಬಿಗಿ ಹಾಗೇ ಬಿಟ್ಟರೆ ಮತ್ತೆ ಹಿಡಿಯುತ್ತದೆಂದು ನನ್ನಷ್ಟೇ ಅವನಿಗೂ ಗೊತ್ತಿತ್ತು. ಚಾಪೆಗೆ ಮುಖವಿಟ್ಟು, "ಎವರೂ ಮುಟ್ಟಲೇದಮ್ಮಾ" ಎಂದು ತೆಲುಗಿನಲ್ಲಿ ಗೊಣಗಿದ.

"ಕೇಳಿಸ್ಲಿಲ್ಲ."

ಗಂಗಪ್ಪ ಕಂಬ ಬಿಟ್ಟು ಮುಂದೆ ಬಂದ. "ನಮಗೆ ಎರಡು ಭಾಷೆನೂ ಬತ್ತವೆ ಕಣಯ್ಯ. ಯಾವುದ್ರಾಗಾದ್ರೂ ಸರಿ, ಗಟ್ಯಾಗಿ ಬೊಗಳು."

"ಯಾರೂ ಮುಟ್ಟಿರಲಿಲ್ಲ. ಜೋಮು ಹಿಡಿದಿತ್ತು. ನಾನೇ ತಿರುವಿದ್ದು" ಅಂದ ನಾಗಪ್ಪ.

ಅಳಿಯ ತಲೆ ತಗ್ಗಿಸಿದ. ಗಂಗಪ್ಪ ನನ್ನ ಮುಖ ನೋಡಲಾರದೆ ಬೀದಿಯ ಕಡೆ ತಿರುಗಿಕೊಂಡ.

ನಾನು ಕೆಲಸ ಮುಂದುವರಿಸಿದೆ. ಮೇಲಿನ ಕಾಲು ಮಡಿಸಿ, ಉಸಿರು ಬಿಡಲು ಹೇಳಿ, ಉಸಿರಿನ ಜೊತೆಗೇ ಸೊಂಟವನ್ನು ನಿಧಾನವಾಗಿ ತಿರುಗಿಸಿದೆ. ಲಟಕ್ಕೆಂದಿತು. ಬೇಕೆಂದರೆ ಒಂದಿಷ್ಟು ಹೆಚ್ಚು ನೋಯಿಸಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ನೋಯಿಸಲಿಲ್ಲ. ಕರುಣೆಯಿಂದಲ್ಲ. ಅವನು ಅಂಥದ್ದನ್ನು ಮಾಡಿದ್ದ, ನನ್ನ ಕೈ ಅವನ ಕೈಯಾಗುವುದು ನನಗೆ ಬೇಡವಾಗಿತ್ತು.

ಅವನು ಎದ್ದು ನಿಂತ, ಹೆಚ್ಚುಕಡಿಮೆ ನೆಟ್ಟಗೆ. ಎಲ್ಲರಿಗೂ ಹೇಳುವುದನ್ನೇ ಅವನಿಗೂ ಹೇಳಿದೆ: "ನಾಳೆ ಮೈಯೆಲ್ಲ ನೋಯ್ತದೆ, ಹೆದರಬ್ಯಾಡಿ, ಆಮೇಲೆ ಇಳೀತದೆ. ಭಾರ ಎತ್ತಬ್ಯಾಡಿ. ಹಳೇ ನೋವು ಒಂದೇ ಸಲಕ್ಕೆ ಹೋಗಾಕಿಲ್ಲ. ಸಂತೆ ದಿನ ಮತ್ತೆ ಬನ್ನಿ."

"ಸಂತೆ ದಿನ ಯಾಕಮ್ಮ? ಜನ ಜಾಸ್ತಿ."

"ಅದಕ್ಕೇ. ಇವತ್ತಿಲ್ಲದೋರು ಅವತ್ತು ಇರ್ತಾರೆ. ಅದೇ ಪ್ರಶ್ನೆ ಕೇಳ್ತೀನಿ."

ಮಕ್ಕಳೇ, ಇದಿಷ್ಟು ನೆನಪಿಡಿ. ಕೇಳದೆ ಕೈ ಇಡುವವರ ಹತ್ತಿರ ಹೋಗಬೇಡಿ. ಒಂದೇ ಸಲಕ್ಕೆ ನಡೆಸುತ್ತೇನೆ ಎನ್ನುವವರನ್ನು ನಂಬಬೇಡಿ. ಜೋಮು ಹಿಡಿದರೆ ನೇರ ಆಸ್ಪತ್ರೆಗೆ ಹೋಗಿ. ಈ ಕೆಲಸ ನನಗೆ ಕಲಿಸಿದ ದೊಡ್ಡ ಪಾಠ, ಸರಿಯಾದ ಪ್ರಶ್ನೆಯನ್ನು ಸರಿಯಾದ ಜನರೆದುರು ಕೇಳುವುದು.

ನಾಗಪ್ಪ ಸಂತೆಯಿಂದ ಸಂತೆಗೆ ಬಂದ. ಪ್ರತಿ ಸಲವೂ ಹೇಳಿದ. ಒಂದು ದಿನ ಟವೆಲ್ ಹೆಗಲಿಗೆ ಹಾಕಿಕೊಂಡು, "ಸೊಂಟ ಪೂರಾ ವಾಸಿ ಆತು ಕಣಮ್ಮ, ಇನ್ನು ಬರಾದೇನೂ ಬ್ಯಾಡಲ್ವಾ?" ಎಂದು ಕೇಳಿದ.

"ನಿಮ್ಮದು ವಾಸಿ ಆಗೈತೆ" ಅಂದೆ. "ಮುಂದಿನ ಸಂತೆಗೂ ಬನ್ನಿ."

ಬಂದ.